ಓಡುವ ಕಾರು, ನಿಲ್ಲುವ ಕಾರು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಅಧ್ಯಾಪಕರು ಹೇಳಿದಾಗ ನನಗೆ ಮೊದಲು ತೋಚಿದ್ದು ಪಂಪ, ರನ್ನ, ಕುಮಾರವ್ಯಾಸರ ಹೆಸರುಗಳು. ಆದರೆ ಆ ಮಹನೀಯರನ್ನು ನನ್ನ ಹಿಂದಿನ ತರಗತಿಗಳವರು ಪ್ರತಿವರ್ಷವೂ ಬಿಡದೆ ಪೂಜಿಸಿದ್ದಾರೆ; ನಾನು ಹೊಸದಾಗಿ ಏರಿಸುವ ಹೂವು ಯಾವುದೂ ಉಳಿದಿಲ್ಲ. ನಾನು ಹತ್ತಿರದಿಂದ ಬಲ್ಲ ವಿದ್ವಾಂಸರು ಒಬ್ಬರೇ. ಅವರು ನನ್ನ ಸೋದರಮಾವ. ಅವರ ಪಾಠಶಾಲೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ತಗಡಿನ ಶೆಡ್ಡು. ಅವರ ಗ್ರಂಥಗಳೆಲ್ಲ ಎಣ್ಣೆ ಕುಡಿದು ಕಪ್ಪಾಗಿವೆ. ಅವರು ಕಾರು ರಿಪೇರಿ ಮಾಡುತ್ತಾರೆ.

ಮಾವ 1972ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟು ಹಾಸನದ ಒಂದು ಗ್ಯಾರೇಜಿಗೆ ಸೇರಿದರು. ಮೊದಲ ಎರಡು ವರ್ಷ ಅವರ ಕೆಲಸ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಮತ್ತು ಚಹಾ ತರುವುದು. ಅಂಬಾಸಿಡರ್ ಕಾರಿನ ಹೊಟ್ಟೆಯ ಕೆಳಗೆ ಮಲಗಿ ಅವರು ವಿದ್ಯೆ ಕಲಿತರು. ಆ ಕಾರು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು, 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. 1983ರ ಡಿಸೆಂಬರಿನಲ್ಲಿ ಮೊದಲನೆಯದು ಮಾರಾಟವಾದ ಮಾರುತಿ 800 ಕೂಡ 2014ರಲ್ಲೇ ತಯಾರಿಕೆ ಮುಗಿಸಿತು. ಇವೆಲ್ಲ ಹುಟ್ಟಿ, ಬೆಳೆದು, ಗುಜರಿಗೆ ಹೋದದ್ದನ್ನು ಮಾವ ಕಂಡಿದ್ದಾರೆ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿಯವರ ಡಾಲ್ಫಿನ್ ಎಂಬ ಪುಟ್ಟ ಕಾರನ್ನೂ ಅವರು ಬಿಚ್ಚಿ ಜೋಡಿಸಿದ್ದಾರೆ. ಅದರ ಮೈ ಕಬ್ಬಿಣದ್ದಲ್ಲ, ನಾರುಗಾಜಿನದು. “ಅದಕ್ಕೆ ತುಕ್ಕು ಹಿಡಿಯುತ್ತಿರಲಿಲ್ಲ ಅಳಿಯಂದಿರೇ, ಆ ಒಂದು ವಿಷಯದಲ್ಲಿ ಅದು ನಮಗಿಂತ ಪುಣ್ಯವಂತ” ಎನ್ನುತ್ತಾರೆ. ನನಗೆ ಇನ್ನೂ ಮದುವೆಯ ವಯಸ್ಸಾಗಿಲ್ಲ, ಅವರಿಗೆ ಹೆಣ್ಣುಮಕ್ಕಳೂ ಇಲ್ಲ. ಆದರೂ ನಾನು ಅವರಿಗೆ ಅಳಿಯಂದಿರು.

ಕಾಲೇಜಿಗೆ ರಜೆ ಬಂದಾಗಲೆಲ್ಲ ನಾನು ಆ ಶೆಡ್ಡಿನಲ್ಲಿ ಒಂದು ಹಳೆಯ ಟಯರಿನ ಮೇಲೆ ಕೂತಿರುತ್ತೇನೆ. ಅಲ್ಲಿಗೆ ಬರುವವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಯಾವ ಕಾರು ಒಳ್ಳೆಯದು?” ಮಾವನ ಉತ್ತರವೂ ಒಂದೇ: “ಯಾರ ಕೈಯಲ್ಲಿ?”

ಇದು ತಪ್ಪಿಸಿಕೊಳ್ಳುವ ಮಾತು ಎಂದು ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಕಾರುಗಳು ಒಂದೇ ದಿನ ಶೆಡ್ಡಿಗೆ ಬಂದವು. ಒಂದು ಅಂಚೆ ಕಚೇರಿಯ ನಿವೃತ್ತ ನೌಕರರದು, ಇನ್ನೊಂದು ಒಬ್ಬ ಕಂಟ್ರಾಕ್ಟರರದು. ಮಾವ ಎರಡರ ಎಂಜಿನ್ ಎಣ್ಣೆಯ ಕಡ್ಡಿಯನ್ನೂ ಎಳೆದು ಬಿಳಿ ಬಟ್ಟೆಯ ಮೇಲೆ ಒರೆಸಿ ತೋರಿಸಿದರು. ಮೊದಲನೆಯದು ಬೆಲ್ಲದ ಪಾಕದ ಬಣ್ಣ. ಎರಡನೆಯದು ಕಾಡಿಗೆ, ಬೆರಳಿಗೆ ಹತ್ತಿದರೆ ಮರಳಿನಂತೆ ಕರಕರ. “ಎರಡೂ ಒಂದೇ ಕಾರ್ಖಾನೆಯ ಮಕ್ಕಳು. ಒಂದನ್ನು ಸಾಕಿದರು, ಇನ್ನೊಂದನ್ನು ದುಡಿಸಿದರು” ಎಂದರು ಮಾವ. ಕಾರು ಕೆಡುವುದಕ್ಕೆ ಅವರ ಲೆಕ್ಕದಲ್ಲಿ ಮುಖ್ಯವಾದ ಕಾರಣಗಳು ಮೂರು: ಕೊಳೆ, ಕಾವು, ಅಲಕ್ಷ್ಯ. ಎಣ್ಣೆ ಬದಲಾಯಿಸಿದರೆ ಕೊಳೆ ಹೋಗುತ್ತದೆ. ರೇಡಿಯೇಟರಿನ ನೀರು ನೋಡಿದರೆ ಕಾವು ಹಿಡಿತದಲ್ಲಿರುತ್ತದೆ. ಅಲಕ್ಷ್ಯಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಕ್ಕುವುದಿಲ್ಲ.

ಕೆಲವು ಎಂಜಿನ್ನುಗಳ ಒಳಗೆ ಟೈಮಿಂಗ್ ಬೆಲ್ಟು ಎಂಬ ರಬ್ಬರಿನ ಪಟ್ಟಿ ಇರುತ್ತದಂತೆ. ಇಷ್ಟು ಕಿಲೋಮೀಟರಿಗೆ ಬದಲಾಯಿಸಿ ಎಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಅದು ಹರಿಯುವ ಮುಂಚೆ ಸದ್ದು ಮಾಡಿ ಎಚ್ಚರಿಸುವುದು ಅಪರೂಪ. ಹರಿದ ಕ್ಷಣದಲ್ಲಿ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ. ಬೆಲ್ಟಿನ ಖರ್ಚು ಉಳಿಸಿದವರು ಎಂಜಿನ್ನಿನ ಖರ್ಚು ಕೊಡುತ್ತಾರೆ. “ಆ ಪುಸ್ತಕವನ್ನು ಕಾರಿನ ಡಬ್ಬಿಯಲ್ಲಿಟ್ಟು ಅದಕ್ಕೆ ಕುಂಕುಮ ಹಚ್ಚುತ್ತಾರೆ, ಓದುವುದಿಲ್ಲ” ಎಂದು ಮಾವನ ದೂರು. ಪಠ್ಯಪುಸ್ತಕಗಳ ವಿಷಯದಲ್ಲಿ ನಮ್ಮ ನಡತೆಯೂ ಅದೇ ಆದುದರಿಂದ ನಾನು ಸುಮ್ಮನಾದೆ.

ಕೊಳ್ಳುವವರಿಗೆ ಮಾವ ಹೇಳುವ ಮಾತು ಇದು: ಕಾರಿನ ಬೆಲೆ ಮದುವೆಯ ಖರ್ಚು, ಅದು ಒಂದು ದಿನದ್ದು. ಪೆಟ್ರೋಲು, ಇನ್ಶೂರೆನ್ಸು, ಟಯರು, ಬ್ಯಾಟರಿ, ಸರ್ವೀಸು ಇವು ಸಂಸಾರದ ಖರ್ಚು. ಮದುವೆಗೆ ಸಾಲ ಮಾಡಿದವರು ಸಂಸಾರಕ್ಕೆ ಏನು ಮಾಡುತ್ತಾರೆ? ಆದುದರಿಂದ ಕೈಯಲ್ಲಿರುವ ದುಡ್ಡನ್ನೆಲ್ಲ ಕೊಟ್ಟು ದೊಡ್ಡ ಕಾರು ಕೊಳ್ಳುವುದಕ್ಕಿಂತ, ಚಿಕ್ಕದನ್ನು ಕೊಂಡು ಮಿಕ್ಕ ದುಡ್ಡನ್ನು ಅದರ ಹೊಟ್ಟೆಪಾಡಿಗೆ ಇಟ್ಟುಕೊಳ್ಳುವುದು ಮೇಲು. ಮತ್ತೊಂದು ಪರೀಕ್ಷೆ: ಅದರ ಬಿಡಿಭಾಗ ಮೂಡಿಗೆರೆಯಲ್ಲಿ ಸಿಗುತ್ತದೆಯೇ? ಹಾಸನದಲ್ಲಿ? ಬೆಂಗಳೂರಿನಿಂದ ತರಿಸಬೇಕಾದರೆ ಆ ಕಾರು ಎಷ್ಟು ಚೆಲುವಾಗಿದ್ದರೂ ನಮ್ಮ ಊರಿಗೆ ಅದು ಹೊರಗಿನ ನೆಂಟ.

ಹೊಸ ಕಾಲವನ್ನು ಮಾವ ಹಳಿಯುವವರಲ್ಲ. ಈಗಿನ ಕಾರುಗಳು ತಮ್ಮ ರೋಗವನ್ನು ತಾವೇ ಹೇಳುತ್ತವೆ. ಸ್ಟೇರಿಂಗಿನ ಕೆಳಗಿರುವ ಒಂದು ಕೊಂಡಿಗೆ ಸ್ಕ್ಯಾನರನ್ನು ಸಿಕ್ಕಿಸಿದರೆ ಪರದೆಯ ಮೇಲೆ ಅಂಕೆಗಳು ಮೂಡುತ್ತವೆ. ಪಿ 0300 ಎಂದರೆ ಸಿಲಿಂಡರುಗಳಲ್ಲಿ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ ಎಂದರ್ಥ. ಅಂಥದೊಂದು ಯಂತ್ರವನ್ನು ಮಾವ ಕೊಂಡಿದ್ದಾರೆ. ಅದರ ಇಂಗ್ಲಿಷನ್ನು ಓದಿ ಹೇಳುವ ಕೆಲಸ ನನ್ನದು. ನಾನು ಕಲಿತ ಇಂಗ್ಲಿಷು ಪರೀಕ್ಷೆಯ ಹೊರಗೆ ಒಬ್ಬರಿಗೆ ಉಪಯೋಗವಾದದ್ದು ಅದೇ ಮೊದಲು. ಆದರೆ ಮಾವ ಅದನ್ನು ಪೂರ್ತಿ ನಂಬುವುದಿಲ್ಲ. “ಎಲ್ಲಿ ನೋಯುತ್ತದೆ ಅಂತ ಅದು ಹೇಳುತ್ತೆ. ಯಾಕೆ ನೋಯುತ್ತದೆ ಅಂತ ನಾವೇ ಕೇಳಬೇಕು” ಎನ್ನುತ್ತಾರೆ. ವಿದ್ಯುತ್ ಕಾರುಗಳ ವಿಷಯವನ್ನೂ ಕೇಳಿದೆ. 2001ರಲ್ಲಿ ಬೆಂಗಳೂರಿನಿಂದಲೇ ರೇವಾ ಎಂಬ ವಿದ್ಯುತ್ ಕಾರು ಬಂದದ್ದನ್ನು ಅವರು ನೆನೆದರು. “ಒಳ್ಳೆಯದೇ ಕಣೋ. ಎಂಜಿನ್ ಎಣ್ಣೆಯ ಗೋಜಿಲ್ಲ. ಆದರೆ ಅದಕ್ಕೂ ನಾಲ್ಕು ಟಯರು, ಅದಕ್ಕೂ ಬ್ರೇಕು, ಅದರೊಳಗೂ ಮನುಷ್ಯರೇ ಕೂರುವುದು.”

ಇಲ್ಲಿಗೆ ಬಂದಾಗ ಮಾವನ ಮಾತು ನಿಧಾನವಾಗುತ್ತದೆ. ಕಾರು ಓಡುವುದು ಒಂದು ವಿದ್ಯೆ, ನಿಲ್ಲುವುದು ಇನ್ನೊಂದು. ಜನ ಓಡುವುದಕ್ಕೆ ದುಡ್ಡು ಕೊಡುತ್ತಾರೆ, ನಿಲ್ಲುವುದಕ್ಕೆ ಚೌಕಾಸಿ ಮಾಡುತ್ತಾರೆ ಎಂಬುದು ಅವರ ಸಿದ್ಧಾಂತ. ವೇಗ ಎರಡು ಪಟ್ಟಾದರೆ ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ವಿಜ್ಞಾನ ಓದುವ ಮಿತ್ರನೊಬ್ಬನನ್ನು ವಿಚಾರಿಸಿದೆ. ಅವನು ಕಾಗದದ ಮೇಲೆ ಚಲನಶಕ್ತಿಯ ಸೂತ್ರವನ್ನು ಬರೆದು, ವೇಗದ ವರ್ಗಕ್ಕೆ ಅನುಗುಣವಾಗಿ ಅದು ಏರುವುದರಿಂದ ನಿಮ್ಮ ಮಾವನ ಮಾತು ಸರಿ ಎಂದ. ಮಾವ ಈ ಸೂತ್ರವನ್ನು ಓದಿದವರಲ್ಲ. ಚಾರ್ಮಾಡಿಯಿಂದ ಎಳೆದು ತಂದ ಕಾರುಗಳಲ್ಲಿ ಓದಿದ್ದಾರೆ.

ಘಾಟಿ ಇಳಿಯುವವರಿಗೆ ಅವರು ತಪ್ಪದೆ ಹೇಳುವುದು ಬ್ರೇಕ್ ಎಣ್ಣೆಯ ಮಾತು. ಆ ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ವರ್ಷಗಳು ಕಳೆದಂತೆ ನೀರಿನ ಅಂಶ ಸೇರಿ, ಅದು ಕುದಿಯುವ ಮಟ್ಟ ಕೆಳಗಿಳಿಯುತ್ತದೆ. ಊರೊಳಗೆ ಓಡಾಡುವಾಗ ಏನೂ ತಿಳಿಯುವುದಿಲ್ಲ. ಕೊಟ್ಟಿಗೆಹಾರದಿಂದ ಕೆಳಕ್ಕೆ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಹೋದಾಗ ಚಕ್ರದ ಕಾವಿಗೆ ಆ ಎಣ್ಣೆ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಬ್ರೇಕು ಹಿಡಿಯುತ್ತದೆ; ಆವಿಯನ್ನು ಒತ್ತಿದರೆ ಪೆಡಲು ಹಿಡಿತವಿಲ್ಲದೆ ತಳಕ್ಕೆ ಹೋಗುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕು. ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕು. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುವಂತೆ ಮಾಡಬೇಕು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಬಿಡಲೇಕೂಡದು. ಟಯರಿಗೂ ವಯಸ್ಸುಂಟು. ಅದರ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು ಎಂದರ್ಥ. ಹೂವು ಮಾಸದಿದ್ದರೂ ರಬ್ಬರು ಮುದಿಯಾಗುತ್ತದೆ.

ಶೆಡ್ಡಿನ ಗೋಡೆಗೆ ಮಾವ ಒಂದು ಬಿಸ್ಕತ್ತಿನ ಡಬ್ಬಿಯನ್ನು ತೂಗುಹಾಕಿದ್ದಾರೆ. ಅದರ ತುಂಬ ಸಣ್ಣ ಸಣ್ಣ ಕೊಕ್ಕೆಗಳು. ಸೀಟ್ ಬೆಲ್ಟು ಹಾಕದಿದ್ದರೆ ಈಗಿನ ಕಾರು ಕಿರ್ರೆಂದು ಕೂಗುತ್ತದಷ್ಟೆ. ಆ ಕೂಗನ್ನು ಅಡಗಿಸಲು ಬೆಲ್ಟಿನ ಬದಲು ಸಿಕ್ಕಿಸುವ ಕೊಕ್ಕೆಗಳವು. ರಿಪೇರಿಗೆ ಬಂದ ಕಾರಿನಲ್ಲಿ ಅಂಥದು ಕಂಡರೆ ಮಾವ ತೆಗೆದು ಡಬ್ಬಿಗೆ ಹಾಕುತ್ತಾರೆ, ಕೇಳಿದವರಿಗೆ ಕೊಡುವುದಿಲ್ಲ. ಮೂರು ಕಡೆ ಬಿಗಿಯುವ ಈ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರು ನಿಲ್ಸ್ ಬೋಲಿನ್ ರೂಪಿಸಿದರು. ಕಂಪನಿ ಅದನ್ನು ಇತರರೂ ಬಳಸಲು ಬಿಟ್ಟುಕೊಟ್ಟಿತು. ನಮ್ಮ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 16,715 ಮಂದಿ ಬೆಲ್ಟು ಹಾಕಿರಲಿಲ್ಲ. ಗಾಳಿಚೀಲ ಇದೆಯಲ್ಲ ಎನ್ನುವವರಿಗೆ ಮಾವ ಹೇಳುವುದಿಷ್ಟು: ಆ ಚೀಲ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ತುಂಬುತ್ತದೆ, ಬೆಲ್ಟು ಹಿಡಿದಿಟ್ಟವರಿಗೆ ಅದು ದಿಂಬು, ಬೆಲ್ಟಿಲ್ಲದೆ ಮುಂದಕ್ಕೆ ಬಿದ್ದವರಿಗೆ ಗುದ್ದು. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದವರನ್ನು ಕಂಡರೆ, ಇತರರೊಂದಿಗೆ ಮೃದುವಾಗಿ ಮಾತನಾಡುವ ನಮ್ಮ ಮಾವ ಗದರಿಬಿಡುತ್ತಾರೆ.

2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಆರಂಭವಾಗಿದೆ. ಕಾರನ್ನು ಬೇಕೆಂದೇ ಡಿಕ್ಕಿ ಹೊಡೆಸಿ ನಕ್ಷತ್ರಗಳನ್ನು ಕೊಡುತ್ತಾರೆ. ಅದರ ಸುದ್ದಿಯನ್ನು ಓದಿ ಹೇಳಿದಾಗ ಮಾವ ಬಹಳ ಸಂತೋಷಪಟ್ಟರು. “ಇಷ್ಟು ದಿನ ಈ ಪರೀಕ್ಷೆ ಘಾಟಿಯಲ್ಲಿ ನಡೆಯುತ್ತಿತ್ತು. ಫಲಿತಾಂಶ ನನ್ನ ಶೆಡ್ಡಿಗೆ ಬರುತ್ತಿತ್ತು” ಎಂದರು.

ಇಷ್ಟೆಲ್ಲ ತಿಳಿದವರು ಮನೆಯಲ್ಲೇ ಇರುವಾಗ ನಾವು ಮೋಸ ಹೋದೆವು ಎಂದರೆ ಓದುಗರು ನಗಬಹುದು.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಳೆದ ವರ್ಷ ನಿವೃತ್ತರಾದರು. ನಮ್ಮ ಅಜ್ಜಿಗೆ ಎದೆಯ ತೊಂದರೆ. ಎರಡು ತಿಂಗಳಿಗೊಮ್ಮೆ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ತಿರುವುಗಳಲ್ಲಿ ಅಜ್ಜಿ ಪಡುವ ಪಾಡನ್ನು ನೋಡಲಾರದೆ ತಂದೆ ಒಂದು ಹಳೆಯ ಕಾರು ಕೊಳ್ಳಬೇಕೆಂದು ನಿಶ್ಚಯಿಸಿದರು. ಮಾವನನ್ನು ಕೇಳಲಿಲ್ಲ. ಕೇಳಿದ್ದರೆ ಮಾವ ಬೆಂಗಳೂರಿಗೆ ಬರುತ್ತಿದ್ದರು, ತಮ್ಮ ಕೈಯಿಂದಲೂ ದುಡ್ಡು ಹಾಕುತ್ತಿದ್ದರು. ಹೆಂಡತಿಯ ಅಣ್ಣನಿಂದ ಅಷ್ಟು ಉಪಕಾರ ಪಡೆಯಲು ತಂದೆಗೆ ಸಂಕೋಚ. ಒಬ್ಬ ದಲ್ಲಾಳಿಯ ಮಾತು ಕೇಳಿ ಎರಡು ಲಕ್ಷದ ಅರುವತ್ತು ಸಾವಿರ ಕೊಟ್ಟು ಕಾರು ತಂದರು. ಬಿಳಿಯ ಬಣ್ಣ, ಕನ್ನಡಿಯಂಥ ಹೊಳಪು, ಮೀಟರಿನಲ್ಲಿ ಬರೀ 41 ಸಾವಿರ ಕಿಲೋಮೀಟರು. ಅಮ್ಮ ಆರತಿ ಎತ್ತಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆವು. ಆಮೇಲೆ ಮೆಚ್ಚುಗೆಯ ಮಾತು ಕೇಳಲೆಂದು ಅದನ್ನು ಮಾವನ ಶೆಡ್ಡಿಗೆ ಒಯ್ದೆವು.

ಮಾವ ಬಾನೆಟ್ಟು ತೆರೆಯಲಿಲ್ಲ. ಬಾಗಿಲು ತೆಗೆದು ಪೆಡಲುಗಳನ್ನು ನೋಡಿದರು. ರಬ್ಬರು ಸವೆದು ನುಣುಪಾಗಿತ್ತು. ಮೀಟರಿನ ಕಡೆ ನೋಡಿ ಏನೂ ಹೇಳಲಿಲ್ಲ. ಕೀಲಿ ತಿರುಗಿಸಿ, ಎಂಜಿನ್ನು ಹಚ್ಚದೆ, ದೀಪಗಳನ್ನು ಎಣಿಸಿದರು. “ಅಳಿಯಂದಿರೇ, ಗಾಳಿಚೀಲದ ದೀಪ ಕಂಡಿತಾ?” ಇಲ್ಲ ಎಂದೆ. ಒಳ್ಳೆಯದಲ್ಲವೇ ಎಂದು ನನ್ನ ಭಾವನೆ. ಆ ದೀಪ ಒಂದೆರಡು ಗಳಿಗೆ ಉರಿದು ಆರಬೇಕು. ಉರಿಯಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ ಎಂದರ್ಥವಂತೆ. ಕೊನೆಗೆ ಮಾವ ಡ್ರೈವರಿನ ಸೀಟ್ ಬೆಲ್ಟನ್ನು ಹಿಡಿದು ನಿಧಾನವಾಗಿ ಪೂರ್ತಿ ಎಳೆದರು, ಬಾವಿಯಿಂದ ಹಗ್ಗ ಸೇದುವಂತೆ. ಮೊದಲ ಭಾಗ ಚೊಕ್ಕಟವಾಗಿತ್ತು. ಸುರುಳಿಯ ಒಳಗಿನ ಕೊನೆಯ ಮೊಳದಲ್ಲಿ ಒಣಗಿದ ಕೆಸರಿನ ಗೆರೆಯಿತ್ತು.

“ಭಾವ, ಈ ಕಾರು ಎಲ್ಲೋ ನೆರೆಯಲ್ಲಿ ಮುಳುಗಿತ್ತು” ಎಂದರು ಮಾವ.

ಮೇಲಿನದೆಲ್ಲವನ್ನೂ ತೊಳೆದಿದ್ದರು, ಬೆಲ್ಟನ್ನು ಕೊನೆಯವರೆಗೆ ಎಳೆಯುವವರು ಯಾರು? ಕಾರನ್ನು ಎತ್ತಿ ನೋಡಿದಾಗ ಬ್ರೇಕಿನ ಕೊಳವೆಗಳು ತುಕ್ಕು ಹಿಡಿದು ಪದರ ಬಿಡುತ್ತಿದ್ದವು. ಎಣ್ಣೆ ಕಷಾಯದಂತಿತ್ತು. ತಂದೆಯ ಮುಖ ಬಾಡಿತು. ಆದರೂ, “ಇಲ್ಲಿಗೆ ಬರುವಾಗ ಚೆನ್ನಾಗಿಯೇ ಓಡಿತಲ್ಲ ಭಾವ. ನಾಡಿದ್ದು ಅಮ್ಮನನ್ನು ಕರೆದುಕೊಂಡು ಹೋಗಬೇಕು. ಬಂದ ಮೇಲೆ ನೋಡೋಣ” ಎಂದರು.

ಮಾವ ಕೀಲಿಯನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. “ಕೊಡುವುದಿಲ್ಲ” ಎಂದರು.

ತಂದೆಗೆ ಅವಮಾನವಾಯಿತು. ಕೆಲಸದ ಹುಡುಗರು ನೋಡುತ್ತಿದ್ದರು. ನನ್ನ ದುಡ್ಡು, ನನ್ನ ಕಾರು ಎಂದು ಏರಿದ ದನಿಯಲ್ಲಿ ಹೇಳಿ ನಡೆದೇ ಹೊರಟುಬಿಟ್ಟರು. ನಾನು ಅವರ ಹಿಂದೆ ಹೋದೆ. ಅಜ್ಜಿ ಆ ಸಲವೂ ಬಸ್ಸಿನಲ್ಲೇ ಹೋದರು. ಮೂರು ವಾರ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅಣ್ಣನ ಮನೆಗೆ ಹೋಗಬೇಡ ಎಂದು ತಂದೆ ಅಮ್ಮನಿಗೆ ಹೇಳಲಿಲ್ಲ. ಅಮ್ಮ ತಾವಾಗಿಯೇ ಹೋಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಒಂದು ಸಂಜೆ ನಾನೊಬ್ಬನೇ ಶೆಡ್ಡಿಗೆ ಹೋದೆ. ಮಳೆ ಹಿಡಿದಿತ್ತು. ಹುಡುಗರು ಮನೆಗೆ ಹೋಗಿದ್ದರು. ಕೀಲಿಯನ್ನು ಅಷ್ಟು ಕಟುವಾಗಿ ಇಟ್ಟುಕೊಳ್ಳಬೇಕಾಗಿತ್ತೇ ಮಾವ, ಸಮಾಧಾನವಾಗಿ ಹೇಳಬಹುದಾಗಿತ್ತಲ್ಲ ಎಂದೆ. ಮಾವ ಬಹಳ ಹೊತ್ತು ಕೈಗೆ ಹತ್ತಿದ ಗ್ರೀಸನ್ನು ಹೊಟ್ಟಿನಿಂದ ಉಜ್ಜುತ್ತಿದ್ದರು. ಆಮೇಲೆ ಹೇಳಿದರು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಒಂದು ಕಾಫಿ ತೋಟದ ರೈಟರು ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟಿದ್ದರು. ಚಕ್ರದಲ್ಲಿ ಏನೋ ಸದ್ದು ಎಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಸದ್ದಿನದು ಸಣ್ಣ ಕೆಲಸ, ಆಯಿತು. ಆಗ ಮಾವ ಬ್ರೇಕ್ ಎಣ್ಣೆ ನೋಡಿದರು, ಕಪ್ಪಾಗಿತ್ತು. ಬದಲಾಯಿಸಲು ಒಂದು ಗಂಟೆ ಬೇಕು ಎಂದರು. ಮಧ್ಯಾಹ್ನದ ಮಂಗಳಾರತಿ ತಪ್ಪುತ್ತದೆ, ಬರುವಾಗ ಹಾಕಿಸುತ್ತೇನೆ ಎಂದರು ರೈಟರು. ಅವರು ಮಾವನ ಹಳೆಯ ಗಿರಾಕಿ, ಕಷ್ಟಕಾಲದಲ್ಲಿ ಕೈಗಡ ಕೊಟ್ಟವರು. “ನನಗೆ ದಾಕ್ಷಿಣ್ಯ ಬಂತು. ಆಗಲಿ, ಹೋಗಿಬನ್ನಿ ಎಂದೆ. ದಾಕ್ಷಿಣ್ಯ ನನಗೂ ಅವರಿಗೂ ಗೊತ್ತು ಮಾರಾಯ, ಬ್ರೇಕಿಗೆ ಹೇಗೆ ಗೊತ್ತಾಗಬೇಕು?”

ಘಾಟಿಯ ಅರ್ಧದಲ್ಲಿ ಪೆಡಲು ತಳಕ್ಕೆ ಹೋಯಿತು. ರೈಟರು ಧೈರ್ಯವಂತರು, ಕಣಿವೆಯ ಕಡೆಗೆ ಬಿಡದೆ ಬೆಟ್ಟದ ಕಡೆಗೆ ಕಾರನ್ನು ಉಜ್ಜಿ ನಿಲ್ಲಿಸಿದರು. ಯಾರೂ ಸಾಯಲಿಲ್ಲ. ಅದು ಬೆಲ್ಟುಗಳಿಲ್ಲದ ಹಳೆಯ ಕಾರು. ಮುಂದೆ ಕೂತಿದ್ದ ಅವರ ಹೆಂಡತಿಯ ಮುಖ ಗಾಜಿಗೆ ಬಡಿಯಿತು. ಒಂದು ಕಣ್ಣು ಹೋಯಿತು.

“ಸಂತೆಯಲ್ಲಿ ಆ ತಾಯಿ ಈಗಲೂ ಸಿಗುತ್ತಾರೆ. ಚೆನ್ನಾಗಿದ್ದೀಯೇನಪ್ಪಾ ಎಂದು ಅವರೇ ಮೊದಲು ಕೇಳುತ್ತಾರೆ. ಎಣ್ಣೆ ಕಪ್ಪಾಗಿದ್ದದ್ದು ನನಗೆ ಗೊತ್ತಿತ್ತು, ಘಾಟಿ ಇಳಿಸಬೇಡಿ ಅಂತ ನಾನು ಬಿಡಿಸಿ ಹೇಳಲಿಲ್ಲ, ಅಂತ ನಾನು ಈವರೆಗೆ ಅವರಿಗೆ ಹೇಳಿಲ್ಲ. ಹೇಳುವುದಕ್ಕೆ ಬಾಯಿ ಬರಲಿಲ್ಲ. ಅವತ್ತಿನಿಂದ ಕೀಲಿ ಕೊಡುವ ಮುಂಚೆ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಕಾರನ್ನು ಮಾತ್ರ ನೋಡುತ್ತೇನೆ. ನಿಮ್ಮಪ್ಪನ ಮುಖ ನೋಡಿದ್ದರೆ ಕೊಟ್ಟುಬಿಡುತ್ತಿದ್ದೆ.”

ಮನೆಗೆ ಬಂದು ಇದನ್ನು ತಂದೆಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಮಾವ ಹೇಳು ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ. ರಾತ್ರಿ ಊಟವಾದ ಮೇಲೆ ಹೇಳಿದೆ. ತಂದೆ ಏನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೊರಟರು. ಇಬ್ಬರೂ ಕ್ಷಮೆ ಕೇಳಲಿಲ್ಲ. ನಮ್ಮ ಕಡೆ ಆ ಪದ್ಧತಿ ಇಲ್ಲ. “ಭಾವ, ಈಗ ಏನು ಮಾಡುವುದು ಹೇಳಿ” ಎಂದರು ತಂದೆ. ಮಾವ ಹುಡುಗನನ್ನು ಚಹಾಕ್ಕೆ ಕಳಿಸಿದರು.

ಬ್ರೇಕಿನ ಕೊಳವೆ, ಸಿಲಿಂಡರು, ಎಣ್ಣೆ ಎಲ್ಲವನ್ನೂ ಹೊಸದು ಮಾಡಬಹುದು ಎಂದರು ಮಾವ. ಆದರೆ ಗಾಳಿಚೀಲದ ಕಂಪ್ಯೂಟರು ಮತ್ತು ಅದರ ವೈರುಗಳು ನೀರು ಕುಡಿದಿವೆ. ಅವು ಬೇಕಾದಾಗ ಕೆಲಸ ಮಾಡದಿರಬಹುದು, ಬೇಡದಾಗ ಕೈಕೊಡಬಹುದು. “ನಾನು ದುಡ್ಡು ತೆಗೆದುಕೊಂಡು ರಿಪೇರಿ ಮಾಡಬಹುದು. ಭರವಸೆ ಕೊಡಲಾರೆ.” ಹಾಗಾದರೆ ಮಾರಿಬಿಡೋಣ ಎಂದರು ತಂದೆ. ಮಾರಿ, ಆದರೆ ಕೊಳ್ಳುವವನಿಗೆ ಬೆಲ್ಟನ್ನು ಪೂರ್ತಿ ಎಳೆದು ತೋರಿಸಿ ಮಾರಿ ಎಂದರು ಮಾವ.

ಆ ಮಾತಿನ ಬೆಲೆ ನಮಗೆ ಆಮೇಲೆ ತಿಳಿಯಿತು. ಇಬ್ಬರು ಬಂದರು. ಇಬ್ಬರಿಗೂ ಕಾರಿನ ಹೊಳಪು ಹಿಡಿಸಿತು. ತಂದೆ ಬೆಲ್ಟು ಎಳೆದು ಕೆಸರಿನ ಗೆರೆ ತೋರಿಸಿದರು, ಇಬ್ಬರೂ ಹೋದರು. ಎರಡನೆಯವರು ಹೋಗುವಾಗ, “ಮೇಷ್ಟ್ರೇ, ಇದನ್ನು ನೀವು ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲವಲ್ಲ” ಎಂದರು. ಅದು ಹೊಗಳಿಕೆಯೋ ಮರುಕವೋ ನನಗೆ ಈಗಲೂ ಅರ್ಥವಾಗಿಲ್ಲ. ಕೊನೆಗೆ ಬಿಡಿಭಾಗಗಳಿಗೆಂದು ಗುಜರಿಯವನೊಬ್ಬ ಒಂದು ಲಕ್ಷದ ಹತ್ತು ಸಾವಿರ ಕೊಟ್ಟು ಒಯ್ದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಗಳಿಸಿದ್ದರಲ್ಲಿ ಒಂದೂವರೆ ಲಕ್ಷ ಹೋಯಿತು. ಆ ಸಂಜೆ ತಂದೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಪ್ರಾಮಾಣಿಕತೆಗೆ ಒಳ್ಳೆಯ ಫಲ ಬರುತ್ತದೆ ಎಂದು ಶಾಲೆಯಲ್ಲಿ ಅವರೇ ನಮಗೆ ಕಲಿಸಿದ್ದರು. ಅಂದು ಬಂದ ಫಲ ಇಷ್ಟೇ: ಆ ಕಾರಿನಲ್ಲಿ ಕೂತು ಯಾರೂ ಘಾಟಿ ಇಳಿಯಲಿಲ್ಲ.

ನಾವು ಇನ್ನೂ ಕಾರು ಕೊಂಡಿಲ್ಲ. ಮಾವ ಹುಡುಕುತ್ತಿದ್ದಾರೆ, ಈ ಸಲ ತಂದೆಯವರೇ ಹುಡುಕಿ ಎಂದಿದ್ದಾರೆ. ಕಳೆದ ತಿಂಗಳು ಅಜ್ಜಿಯನ್ನು ಸರ್ಕಾರಿ ಬಸ್ಸಿನಲ್ಲೇ ಕರೆದೊಯ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಮಂಜು ಕವಿದಿತ್ತು. ಅಜ್ಜಿ ಕಿಟಕಿಯ ಪಕ್ಕ, ಸೆರಗಿನಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ದರು. ಇಳಿಜಾರು ಆರಂಭವಾಗುವ ಕಡೆ ಬಸ್ಸಿನ ಎಂಜಿನ್ನು ಒಮ್ಮೆ ಗಟ್ಟಿಯಾಗಿ ಗುಡುಗಿ, ವೇಗ ತಗ್ಗಿತು. ತಂದೆ ನನ್ನ ಕಡೆ ತಿರುಗಿ, ಕ್ಲಾಸಿನಲ್ಲಿ ಸರಿಯುತ್ತರ ಕೇಳಿದವರಂತೆ, “ಗೇರು ಇಳಿಸಿದ” ಎಂದರು.